ಓದಿಸಿ ಕೇಳಿ ಒಪ್ಪಿದ್ದು

ಉಮೇಶನಿಗೆ ಏನೂ ಅನ್ನಿಸುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನನ್ನು ನೋಡಿದವರಿಗೆ ಅದು ಗೊತ್ತಾಗುತ್ತಿರಲಿಲ್ಲ. ನಗಬೇಕಾದ ಕಡೆ ನಗುತ್ತಿದ್ದ. ಸಾವಿನ ಮನೆಗೆ ಹೋದರೆ ಕೈಕಟ್ಟಿ ನಿಲ್ಲುತ್ತಿದ್ದ. ಮಗಳು ಮೋನಿಕಾ ಪಿಯುಸಿಯಲ್ಲಿ ತೊಂಬತ್ತೆರಡು ಪರ್ಸೆಂಟ್ ತೆಗೆದಾಗ ಜಕ್ಕೂರಿನ ತಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿದ. ಹಂಚುವಾಗ ಒಳಗೆಲ್ಲ ತಡಕಾಡಿದರೂ ಸಂತೋಷ ಅನ್ನುವುದು ಒಂದು ಚೂರೂ ಕೈಗೆ ಸಿಗಲಿಲ್ಲ. ಕೊನೆಗೆ ಹೆಂಡತಿಯೇ ಬೈದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಥೈರಾಯ್ಡು, ಶುಗರು, ಬಿಪಿ, ಎಲ್ಲ ನೋಡಿದರು. ಎಲ್ಲ ನಾರ್ಮಲ್. "ನಿಮಗೇನೂ ಆಗಿಲ್ಲ ಕಣ್ರೀ, ಆರಾಮಾಗಿರಿ" ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ಆರಾಮಾಗಿರುವುದು ಹೇಗೆ ಎಂದು ಉಮೇಶ ಕೇಳಲಿಲ್ಲ.

ಅವನ ಕೆಲಸ ಬರೆಯುವುದು. ಯಲಹಂಕದಲ್ಲಿ ರಿಜಿಸ್ಟ್ರೇಷನ್ ಆಫೀಸಿನ ಎದುರಿನ ಸಾಲಿನಲ್ಲಿ ಒಂದು ಸಣ್ಣ ಅಂಗಡಿ, ಒಂದು ಕಂಪ್ಯೂಟರು, ಒಂದು ಪ್ರಿಂಟರು, 'ಪತ್ರ ಬರಹಗಾರರು' ಎಂಬ ಬೋರ್ಡು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಇಪ್ಪತ್ತೆರಡು ವರ್ಷದಿಂದ ಇದೇ. ಬರೆಯುವುದು ಅಂತ ಬಾಯಿಮಾತಿಗೆ ಅನ್ನಬೇಕು ಅಷ್ಟೆ. ಹಳೆಯ ಪತ್ರವೊಂದನ್ನು ತೆರೆದು ಹೆಸರು ಬದಲಾಯಿಸಿ, ಸರ್ವೆ ನಂಬರು ಬದಲಾಯಿಸಿ, ಆ ಸ್ವತ್ತಿನ ಪೂರ್ವಕ್ಕೇನು ಪಶ್ಚಿಮಕ್ಕೇನು ಎಂಬ ಚಕ್ಕುಬಂದಿ ತುಂಬಿದರೆ ಮುಗಿಯಿತು. ಆಮೇಲೆ ಸಹಿ ಹಾಕುವವರಿಗೆ ಅದನ್ನು ಓದಿ ಹೇಳುತ್ತಿದ್ದ. ಓದಿ ಹೇಳುವುದು ಅಂದರೆ ಹೇಗೆ! ಮದುವೆ ಮನೆಯಲ್ಲಿ ಮುಹೂರ್ತ ಮೀರುತ್ತಿರುವ ಪುರೋಹಿತರೂ ನಾಚಬೇಕು, ಹಾಗೆ ಒಂದೇ ಉಸಿರಿಗೆ ಓದುತ್ತಿದ್ದ. ಕೇಳುವವರಿಗೂ ವ್ಯವಧಾನ ಇರುತ್ತಿರಲಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ ಮಾತು, ಎಲ್ಲಿ ಸೈನ್ ಹಾಕ್ಬೇಕು ಸಾರ್?

ದಾನವ್ವ ಮಾತ್ರ ಹಾಗೆ ಕೇಳಲಿಲ್ಲ. ಕುಷ್ಟಗಿ ಕಡೆಯ ಹೆಂಗಸು, ಐವತ್ತೈದರ ಆಸುಪಾಸು, ಹತ್ತಿರದ ಕಾಲೇಜೊಂದರ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ಎರಡೂ ತಾನೇ ಎಂದು ಪ್ರಮಾಣಪತ್ರ ಮಾಡಿಸಲು ಬಂದಿದ್ದಳು. ಉಮೇಶ ಓದಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದು ಕಾಗದ ಇಸಿದುಕೊಂಡಳು. ಕನ್ನಡಕ ಹಾಕಿದಳು. ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದತೊಡಗಿದಳು. ಒಂದು ಪುಟ ಕಾಗದ, ಅರ್ಧ ಗಂಟೆ ಹಿಡಿಯಿತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು.

"ಅಮ್ಮಾ, ಎಲ್ಲಾ ಕರೆಕ್ಟಾಗಿದೆ. ಸೈನ್ ಹಾಕಿ, ಜನ ಕಾಯ್ತಾವ್ರೆ."

"ತಡೀರಿ. ನಾನು ಹೇಳೀನಂತ ಬರದೀರಿ. ಏನ್ ಹೇಳೀನಂತ ನನಗ ಗೊತ್ತಾಗಬೇಕಲ್ರಿ? ಇದೇನ್ರಿ, 'ಸದರಿ'? ಹಂಗಂದ್ರ?"

"ಅಂದ್ರೆ... ಅದೇ, ಮೇಲೆ ಹೇಳಿರೋದು ಅಂತ."

"ಹಂಗಾರ 'ಅದ' ಅಂತ ಬರೀರಲ, ನಿಮಗೇನ್ ಧಾಡಿ."

ಉಮೇಶನಿಗೆ ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ. ಈ ವಯಸ್ಸಿನಲ್ಲಿ ಓದಲು ಎಲ್ಲಿ ಕಲಿತಿರಿ ಎಂದು ಸುಮ್ಮನೆ ಕೇಳಿದ. ದಾನವ್ವನ ಮುಖ ಅರಳಿತು. ಐತಾರಕ್ಕೊಮ್ಮೆ ಸಹಕಾರನಗರದ ಪಾರ್ಕಿನಲ್ಲಿ ಹತ್ತು ಹನ್ನೆರಡು ಜನ ಸೇರುತ್ತಾರಂತೆ, ಬರೆದದ್ದನ್ನು ತರುತ್ತಾರಂತೆ, ಓದುತ್ತಾರಂತೆ. ಹಾಸ್ಟೆಲಿನ ರಕ್ಷಾ ಮೇಡಂ ಕರೆದುಕೊಂಡು ಹೋಗಿ ಕೂರಿಸಿ, ಅಕ್ಷರ ತಿದ್ದಿಸಿದ್ದೂ ಅಲ್ಲೇ ಅಂತೆ. "ನೀವು ದಿನಾ ಬರಿಯೋ ಮಂದಿ. ನೀವ್ ಬರಾಕಬೇಕ್ರಿ" ಎಂದು ಹೇಳಿ, ಸಹಿ ಹಾಕಿ, ಹೋದಳು.

ಭಾನುವಾರ ಅವನು ಹೋದದ್ದಕ್ಕೆ ದೊಡ್ಡ ಕಾರಣ ಹುಡುಕಬೇಡಿ. ಮನೆಯಲ್ಲಿ ಸೋಫಾದ ಮೇಲೆ ಗೋಡೆ ನೋಡುತ್ತ ಕೂತಿದ್ದ, ಕಸ ಗುಡಿಸುತ್ತಿದ್ದ ಹೆಂಡತಿ ಎದ್ದೇಳಿ ಅತ್ಲಾಗೆ ಎಂದಳು, ಎದ್ದ. ಸ್ಕೂಟರು ಸಹಕಾರನಗರದ ಕಡೆ ತಿರುಗಿತು.

ಪಾರ್ಕಿನ ಮೂಲೆಯ ಮಂಟಪದಲ್ಲಿ ಬಳಗ ಕೂತಿತ್ತು. ನಡೆಸುತ್ತಿದ್ದವಳು ಆ ರಕ್ಷಾ, ಗದಗಿನ ಹುಡುಗಿ, ಕಾಲೇಜಿನಲ್ಲಿ ಪಾಠ ಮಾಡುವುದರ ಜೊತೆಗೆ ಹಾಸ್ಟೆಲ್ಲನ್ನೂ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಪದ್ಧತಿ ಉಮೇಶನಿಗೆ ವಿಚಿತ್ರ ಅನ್ನಿಸಿತು. ತಾನು ಬರೆದದ್ದನ್ನು ತಾನೇ ಓದುವ ಹಾಗಿಲ್ಲ. ಎಲ್ಲರ ಕಾಗದವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ಕಲಸುತ್ತಾರೆ, ಯಾರ ಕೈಗೆ ಯಾರದ್ದು ಬಂತೋ ಅವರು ಓದಬೇಕು. ಬರೆದವನು ಬಾಯಿ ಮುಚ್ಚಿಕೊಂಡು ಕೇಳಬೇಕು. ಕೇಳಿದವರು 'ಚೆನ್ನಾಗಿದೆ' ಅನ್ನುವಂತಿಲ್ಲ, ಅಂದರೆ ಎಲ್ಲರಿಗೂ ಅವರೇ ಇಡ್ಲಿ ಕೊಡಿಸಬೇಕು. ಪ್ರಶ್ನೆ ಮಾತ್ರ ಕೇಳಬಹುದು. ಅದಕ್ಕೂ ಬಾಯಲ್ಲಿ ಉತ್ತರ ಹೇಳುವಂತಿಲ್ಲ. ಮುಂದಿನ ಭಾನುವಾರ ಬರೆದುಕೊಂಡು ಬರಬೇಕು.

"ಬಾಯಲ್ಲಿ ಹೇಳಿಬಿಟ್ರೆ ಅಲ್ಲಿಗೆ ಮುಗೀತು ಸರ್, ಮನೆಗೆ ಹೋಗಿ ಯಾರೂ ಬರಿಯಲ್ಲ" ಎಂದಳು ರಕ್ಷಾ. ಇವತ್ತು ಎಲ್ಲರೂ ಇಲ್ಲೇ ಕೂತು ತಮ್ಮ ಮನೆಯ ಯಾವುದಾದರೂ ಒಂದು ಜಾಗದ ಬಗ್ಗೆ ಬರೆಯಬೇಕು ಎಂದು ಅವನ ಕೈಗೂ ಒಂದು ಹಾಳೆ ಕೊಟ್ಟಳು.

ಉಮೇಶ ಹಾಳೆ ನೋಡಿದ. ಪೆನ್ನು ನೋಡಿದ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ತಾನೇ ಚಕ್ಕುಬಂದಿ ಬರೆಯತೊಡಗಿತು. 'ಜಕ್ಕೂರು ಗ್ರಾಮದಲ್ಲಿರುವ ನಮ್ಮ ಹಳೇ ಮನೆಯ ಹಿತ್ತಲು. ಪೂರ್ವಕ್ಕೆ: ಅಕ್ಕ ಕೂತು ತಲೆ ಬಾಚಿಕೊಳ್ಳುತ್ತಿದ್ದ ಕಲ್ಲು. ಪಶ್ಚಿಮಕ್ಕೆ: ಹಸು ಕಟ್ಟುತ್ತಿದ್ದ ಗೂಟ, ಹಸು ಮಾರಿದ ಮೇಲೆ ಅಪ್ಪ ಟವೆಲ್ ಒಣಗಿಸುತ್ತಿದ್ದ ಗೂಟ. ಉತ್ತರಕ್ಕೆ: ಏರೋಡ್ರೋಮಿನ ಸಣ್ಣ ವಿಮಾನ ಹೋದಾಗ ನಾನೂ ಅಕ್ಕನೂ ಹತ್ತಿ ನೋಡುತ್ತಿದ್ದ ಗೋಡೆ. ದಕ್ಷಿಣಕ್ಕೆ: ಅಕ್ಕ ನನಗೆ ಹೊಡೆದು ಆಮೇಲೆ ಬೆಲ್ಲ ಕೊಟ್ಟ ಬಚ್ಚಲು. ಈ ಮಧ್ಯೆ ಇರುವ ಜಾಗ.'

ಅಷ್ಟೇ ಬರೆದದ್ದು. ಅದು ವಿರೂಪಾಕ್ಷನ ಕೈಗೆ ಹೋಯಿತು. ಕೊಪ್ಪಳದ ಕಡೆಯ ಹುಡುಗ, ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ, ಪ್ರೇಮಕವಿತೆ ಬಿಟ್ಟು ಬೇರೇನೂ ಬರೆದವನಲ್ಲ. ಅವನು ಓದಲು ಶುರುಮಾಡಿದಾಗ ಎಲ್ಲರೂ ನಕ್ಕರು. ಮುಗಿಸಿದಾಗ ಯಾರೂ ನಗುತ್ತಿರಲಿಲ್ಲ. "ಸಖತ್ ಆಗಿದೆ ಗುರು!" ಎಂದುಬಿಟ್ಟ ವಿರೂಪಾಕ್ಷ. ಇಡ್ಲಿ ಅವನ ಲೆಕ್ಕಕ್ಕೆ ಹೋಯಿತು.

ಮುಂದಿನ ವಾರ ವಿರೂಪಾಕ್ಷ ತನ್ನ ರೂಮಿನ ಚಕ್ಕುಬಂದಿ ಬರೆದು ತಂದ. ನಾಲ್ಕು ದಿಕ್ಕಿಗೂ ನಾಲ್ಕು ಜನ ರೂಂಮೇಟುಗಳು, ಹಾಸಿಗೆ ಮೂರೇ. ಹುಡುಗಿಯ ಸುದ್ದಿಯೇ ಇಲ್ಲ! ಅದರ ಮುಂದಿನ ವಾರ ದಾನವ್ವ ತನ್ನ ರೊಟ್ಟಿ ಹಂಚಿನ ಚಕ್ಕುಬಂದಿ ಬರೆದಳು, ಐದೇ ಸಾಲು, ಅದರಲ್ಲಿ ಸುಟ್ಟ ಕೈ ಮೂರು ಸಲ ಬಂದಿತ್ತು. ತಿಂಗಳಾಗುವಷ್ಟರಲ್ಲಿ ಬಳಗದವರೆಲ್ಲ ಅದೇ ಹುಚ್ಚಿಗೆ ಬಿದ್ದರು. ಬೆಳಿಗ್ಗೆ ಆರಕ್ಕೆ ಬಳಗದ ವಾಟ್ಸಾಪ್ ಗ್ರೂಪಿನ ಮೆಸೇಜಿಗೆ ಉಮೇಶನ ಫೋನು ಸದ್ದು ಮಾಡತೊಡಗುತ್ತಿತ್ತು. ಬರೆದ್ರಾ ಸರ್? ನಾನು ಬರೆದೆ, ನೀವು? ಹಾಲು ತರುವ ಮೊದಲು ಅವನೂ ಅರ್ಧ ಪುಟ ಬರೆಯುವುದು ಅಭ್ಯಾಸವಾಯಿತು. ಸುಳ್ಳು ಹೇಳಬಾರದು, ಒಬ್ಬನೇ ಆಗಿದ್ದರೆ ಮೂರನೇ ದಿನಕ್ಕೆ ಕೈ ಎತ್ತುತ್ತಿದ್ದ ಆಸಾಮಿ. ಭಾನುವಾರ ಒಂದು ಚೀಲಕ್ಕೆ ತಾನೂ ಕಾಗದ ಹಾಕಬೇಕು, ಹಾಕದಿದ್ದರೆ ದಾನವ್ವ "ಯಾಕ್ರಿ, ಕೈಗೇನಾಗೇತಿ" ಎಂದು ಎಲ್ಲರೆದುರು ಕೇಳುತ್ತಾಳೆ ಎಂಬ ಒಂದೇ ಕಾರಣಕ್ಕೆ ಬರೆದ. ಬಾವಿ ಬರೆದ, ಗೋಡೆ ಬರೆದ, ಹುಣಸೆಮರ ಬರೆದ.

ಆದರೂ ಒಳಗೆ ಏನೂ ಅಲ್ಲಾಡಲಿಲ್ಲ. ಅವನು ಬರೆದದ್ದಕ್ಕೆ ಯಾರೋ ಕಣ್ಣೊರೆಸಿಕೊಳ್ಳುತ್ತಿದ್ದರು, ಅವನು ಮಾತ್ರ ಪಾರ್ಕಿನಲ್ಲಿ ವಾಕ್ ಮಾಡುವವರ ಬೂಟು ನೋಡುತ್ತ ಕೂತಿರುತ್ತಿದ್ದ.

ಆರನೇ ಭಾನುವಾರ ರಕ್ಷಾ ಕೇಳಿದಳು. "ಸರ್, ಆರು ವಾರದಿಂದ ನೋಡ್ತಿದೀನಿ. ಎಲ್ಲಾ ಕಡೆ ನಿಮ್ಮಕ್ಕ ಇದಾರೆ. ಕಲ್ಲಿನ ಮೇಲೆ, ಗೋಡೆ ಮೇಲೆ, ಮರದ ಮೇಲೆ. ಈಗೆಲ್ಲಿದ್ದಾರೆ?"

ಬಾಯಲ್ಲಿ ಉತ್ತರ ಹೇಳುವಂತಿಲ್ಲ ಎಂಬ ನಿಯಮ ಮಾಡಿದವರಿಗೆ ಅವತ್ತು ಉಮೇಶ ಮನಸ್ಸಿನಲ್ಲೇ ಕೈಮುಗಿದ.

ಅಕ್ಕ ಎಲ್ಲೂ ಹೋಗಿರಲಿಲ್ಲ. ಬಾಗಲೂರಿನಲ್ಲಿ, ಸ್ಕೂಟರಿನಲ್ಲಿ ಅರ್ಧ ಗಂಟೆ ದೂರದಲ್ಲಿ, ಕೊಟ್ಟ ಮನೆಯಲ್ಲೇ ಇದ್ದಳು. ಪಟಾಲಮ್ಮ. ಉಮೇಶನ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಹಳೇ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಲು ಉಮೇಶ ಹೊರಟಿದ್ದ. ಮನೆಯಲ್ಲಿ ಅಕ್ಕನಿಗೂ ಅರ್ಧ ಪಾಲಿದೆ ಎಂದು ಬೇರೆಯವರಿಗೆ ಗೊತ್ತಿರದಿದ್ದರೂ ಪತ್ರ ಬರೆಯುವವನಿಗೆ ಗೊತ್ತಿರುವುದಿಲ್ಲವೇ? ಕೇಳಿದರೆ ಎಲ್ಲಿ ಇಲ್ಲ ಅಂದುಬಿಡುತ್ತಾಳೋ ಎಂಬ ಹೆದರಿಕೆ. ಅದಕ್ಕೆ ಕೇಳಲೇ ಇಲ್ಲ. ಖಾತೆ ಬದಲಾಯಿಸಲು ಒಂದು ಸೈನ್ ಬೇಕು ಬಾ ಅಕ್ಕ ಎಂದು ಅಂಗಡಿಗೆ ಕರೆಸಿಕೊಂಡ. ಹಕ್ಕು ಬಿಡುಗಡೆ ಪತ್ರವನ್ನು ತಾನೇ ಟೈಪ್ ಮಾಡಿದ್ದ, ತಾನೇ ಓದಿದ. ಎರಡು ನಿಮಿಷವೂ ಹಿಡಿಯಲಿಲ್ಲ. ಏಳನೇ ಕ್ಲಾಸು ಓದಿದ ಹೆಂಗಸು, ತಮ್ಮನ ಬಾಯಿ ನೋಡುತ್ತ ಕೂತಿದ್ದಳು. ಎದುರಿನ ಆಫೀಸಿನಲ್ಲಿ ಒಪ್ಪಿಗೆಯೇ ಎಂದು ಕೇಳಿದಾಗಲೂ ತಮ್ಮನ ಮುಖ ನೋಡಿ ಹೂಂ ಎಂದಳು. ಉಮೇಶ ಆಮೇಲೆ ಅವಳಿಗೆ ಒಂದು ರೇಷ್ಮೆ ಸೀರೆ ಕೊಡಿಸಿ ಬಸ್ಸು ಹತ್ತಿಸಿದ. ನಾಚಿಕೆ ಆಗಬೇಕಿತ್ತು ಅವನಿಗೆ.

ಗೃಹಪ್ರವೇಶದ ಹೊತ್ತಿಗೆ, ಆ ಸೈನಿನಿಂದ ಪಾಲು ಹೋಯಿತೆಂದು ಯಾರೋ ಅವಳಿಗೆ ಹೇಳಿದ್ದರು. ಬರಲಿಲ್ಲ. ಜಗಳವನ್ನೂ ಆಡಲಿಲ್ಲ, ಕೋರ್ಟಿಗೂ ಹೋಗಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನ ಕಳಿಸಿದರೆ ಬಾಗಿಲಲ್ಲೇ ತೆಗೆದುಕೊಳ್ಳುತ್ತಿದ್ದಳು. ಫೋನು ಮಾಡಿದರೆ "ಹೂಂ, ಇಡ್ತೀನಿ" ಎನ್ನುತ್ತಿದ್ದಳು. ಮೊದಲ ವರ್ಷ ಉಮೇಶನಿಗೆ ನಿದ್ದೆ ಬರುತ್ತಿರಲಿಲ್ಲ, ಎರಡನೇ ವರ್ಷ ಬಂತು. ನಿದ್ದೆ ಬಂದದ್ದರ ಜೊತೆಗೇ ಸಂತೋಷ, ಸಿಟ್ಟು, ಉಳಿದದ್ದೆಲ್ಲವೂ ಹೋಯಿತು.

ರಕ್ಷಾಳ ಪ್ರಶ್ನೆಗೆ ಉತ್ತರ ಬರೆಯಲು ಅವನು ಆ ವಾರವೆಲ್ಲ ಕೂತ. ಸೋಮವಾರ ಎರಡು ಸಾಲು ಬರೆದು ಹರಿದ. ಮಂಗಳವಾರ ತಪ್ಪೆಲ್ಲ ಕಾಲದ್ದು ಎಂದು ಬರೆದು, ಅದು ತನಗೇ ಹೇಸಿಗೆಯಾಗಿ ಹರಿದ. ಬೆಳಿಗ್ಗೆ ಆರಕ್ಕೆ ಎಲ್ಲರೂ ಬರೆದೆವು ಬರೆದೆವು ಎಂದು ಗ್ರೂಪಿನಲ್ಲಿ ಹಾಕುತ್ತಿದ್ದರು, ಇವನು ಮಾತ್ರ ಫೋನು ಬೋರಲು ಹಾಕುತ್ತಿದ್ದ. ಶನಿವಾರ ಬೀರುವಿನಿಂದ ಆ ಪತ್ರದ ಜೆರಾಕ್ಸ್ ಪ್ರತಿ ತೆಗೆದು, ಅದನ್ನೇ ಅಕ್ಷರ ಬಿಡದೆ ಕೈಯಲ್ಲಿ ನಕಲು ಮಾಡಿದ. ಇದಕ್ಕಿಂತ ನಿಜವಾಗಿ ಬರೆಯಲು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು.

ಭಾನುವಾರ ಚೀಲದಿಂದ ಅದು ದಾನವ್ವನ ಕೈಗೆ ಬಂತು. ಅವಳು ಕನ್ನಡಕ ಹಾಕಿದಳು, ಬೆರಳಿಟ್ಟಳು, ಓದಿದಳು.

"ನ... ನ್ನ. ನನ್ನ. ತಂ... ದೆ. ತಂದೆಯವರ ಕಾ... ಲಾ... ನಂತರ."

ಎರಡು ಪುಟ. ಮುಕ್ಕಾಲು ಗಂಟೆ. ಯಾರೂ ಏಳಲಿಲ್ಲ. ಆ ಪದಗಳನ್ನು ಉಮೇಶ ಸಾವಿರ ಸಲ ಹೇಳಿದ್ದ, ಒಂದು ಸಲವೂ ಕೇಳಿರಲಿಲ್ಲ. ದಾನವ್ವನ ಬಾಯಲ್ಲಿ ಒಂದೊಂದೂ ಬೇರೆ ಬೇರೆಯಾಗಿ ಎದುರಿಗೆ ಬಂದು ಕೂರುತ್ತಿತ್ತು. ಸ-ಕ-ಲ ಹಕ್ಕು. ನಾ-ನಾ-ಗ-ಲಿ ನನ್ನ ವಾ-ರ-ಸು-ದಾ-ರ-ರಾ-ಗ-ಲಿ.

ಒಂದು ಕಡೆ ಅವಳ ಬೆರಳು ನಿಂತಿತು. "ಯಾರ ಬಲವಂತವೂ ಇಲ್ಲದೆ, ನನ್ನ ತಮ್ಮನ ಮೇಲಿನ ಪ್ರೀತಿ ವಿಶ್ವಾಸಗಳಿಂದ" ಎಂದು ಕೂಡಿಸಿ ಓದಿ, ಕನ್ನಡಕದ ಮೇಲಿಂದ ಉಮೇಶನನ್ನು ನೋಡಿದಳು. "ಇದನ್ನ ನಿಮ್ಮಕ್ಕಾರು ಹೇಳ್ಯಾರೇನ್ರಿ, ನೀವ ಬರದೀರೇನ್ರಿ?"

ಉತ್ತರ ಮುಂದಿನ ಭಾನುವಾರಕ್ಕೆ. ಆದರೆ ಇದನ್ನು ಕೂತಲ್ಲಿ ಬರೆಯಲು ಆಗುವುದಿಲ್ಲ. ಆ ಉತ್ತರದ ಅರ್ಧ ಬಾಗಲೂರಿನಲ್ಲಿತ್ತು. ಉಮೇಶ ದಾನವ್ವನ ಕೈಯಿಂದ ಕಾಗದ ತೆಗೆದುಕೊಂಡು, ಇಡ್ಲಿಗೂ ನಿಲ್ಲದೆ, ಸ್ಕೂಟರು ಹತ್ತಿದ.

ಪಟಾಲಮ್ಮ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಮ್ಮ ಗೇಟು ತೆರೆದು ಬಂದದ್ದನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಅಕ್ಕಾ, ಒಂದು ಓದ್ಬೇಕಿತ್ತು."

"ಯಾಕೆ, ಇನ್ನೂ ಎಲ್ಲಾನ ಸೈನ್ ಆಕ್ಬೇಕಾ?"

"ಇಲ್ಲ. ಸೈನ್ ಏನೂ ಇಲ್ಲ. ಅವತ್ತಿಂದೇ. ಅವತ್ತು ನಾನು ಸರಿಯಾಗಿ ಓದ್ಲಿಲ್ಲ."

ಉಮೇಶ ಮೆಟ್ಟಿಲ ಮೇಲೆ ಕೂತು ಕಾಗದದ ಮೇಲೆ ಬೆರಳಿಟ್ಟ. ನಿಧಾನವಾಗಿ ಓದಿದ. ಅಕ್ಷರ ಬಲ್ಲವನು ಹಾಗೆ ಓದುವುದು ಕಷ್ಟ, ನಾಲಿಗೆ ಮುಂದೆ ಓಡಲು ನೋಡುತ್ತದೆ, ಅವನು ಹಿಡಿದು ಹಿಡಿದು ನಿಲ್ಲಿಸಿದ.

"ವಾರಸುದಾರರು ಅಂದ್ರೆ?" ಎಂದಳು ಪಟಾಲಮ್ಮ.

"ನಿನ್ ಮಕ್ಕಳು ಅಕ್ಕಾ."

"ಅವ್ರೂನೂ ಕೇಳಂಗಿಲ್ಲ?"

"ಕೇಳಂಗಿಲ್ಲ ಅಂತ ಬರ್ದಿದೀನಿ."

"ಊಂ. ಓದು."

ಓದಿದ. ಕಾಳು ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ನೆಲಕ್ಕೆ ಬೀಳುತ್ತಿತ್ತು. ತಮ್ಮನ ಮೇಲಿನ ಪ್ರೀತಿ ವಿಶ್ವಾಸಗಳಿಂದ ಎಂಬಲ್ಲಿಗೆ ಬಂದಾಗ ಅವನೇ ನಿಂತ.

"ಅಕ್ಕಾ, ಇದನ್ನ ನೀನು ಹೇಳ್ಲಿಲ್ಲ. ಹಳೇ ಪತ್ರದಲ್ಲಿತ್ತು, ಹಂಗೇ ಬಿಟ್ಟೆ. ಎಲ್ಲರ ಪತ್ರದಲ್ಲೂ ಇದೇ ಇರ್ತದೆ. ಉಳಿದಿದ್ದಕ್ಕಿಂತ ಇದು ದೊಡ್ಡ ಸುಳ್ಳು."

ಪಟಾಲಮ್ಮನ ಕೈ ನಿಂತಿತು. ಆರು ವರ್ಷದ ಮೇಲೆ ಮೊದಲ ಸಲ ತಮ್ಮನ ಮುಖವನ್ನು ನೆಟ್ಟಗೆ ನೋಡಿದಳು.

"ಅದೊಂದೇ ಕಣೋ ಅದ್ರಲ್ಲಿ ನಿಜ ಇದ್ದಿದ್ದು" ಎಂದಳು. "ಅವತ್ತು ನಿಜ ಇತ್ತು. ನೀನು ಇಂಗೆ ಓದಿ, ಅಕ್ಕ ಇದು ಇಂಗಿಂಗೆ, ನಿನ್ ಪಾಲು ನಂಗೆ ಬೇಕು ಅಂದಿದ್ರೆ ನಾನು ಆವಾಗ್ಲೂ ಆಕ್ತಿದ್ದೆ ಸೈನು. ನಗ್ತಾ ಆಕ್ತಿದ್ದೆ. ನಿಂಗಲ್ದೆ ಇನ್ಯಾರಿಗೋ ಕೊಡ್ಲಿ ನಾನು? ಕೇಳಿದ್ರೆ ಸಾಕಿತ್ತು."

ಉಮೇಶನಿಗೆ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಹಾರ್ಟ್ ಅಟ್ಯಾಕೇ ಇರಬೇಕು ಅಂದುಕೊಂಡ. ಅಲ್ಲ, ಅದು ದುಃಖ. ಅದರ ಗುರುತೇ ಅವನಿಗೆ ಮರೆತುಹೋಗಿತ್ತು. ಅಕ್ಷರಗಳೆಲ್ಲ ಕಲಸಿಕೊಂಡು ಕಾಗದ ಒದ್ದೆಯಾಗತೊಡಗಿತು. ಹಗುರಾಗಲಿಲ್ಲ. ಒಂದಿಷ್ಟೂ ಹಗುರಾಗಲಿಲ್ಲ, ತಡೆಯಲಾರದಷ್ಟು ನೋಯುತ್ತಿತ್ತು.

"ಇಲ್ಲಿ ಅಳ್ಬೇಡ" ಎಂದಳು ಪಟಾಲಮ್ಮ. "ಅಳೋದಾದ್ರೆ ನಿನ್ ಮನೇಗೋಗಿ ಅಳು. ನಾನೂ ನನ್ ಮನೇಲೇ ಅತ್ತಿದ್ದು."

ಅವನು ಮುಖ ಒರೆಸಿಕೊಂಡು ಎದ್ದ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಭಾನುವಾರದ ಬಳಗದ ವಿಷಯ, ದಾನವ್ವ ಕೇಳಿದ ಪ್ರಶ್ನೆ, ಅದಕ್ಕೆ ತಾನು ಉತ್ತರ ಬರೆಯಬೇಕಾಗಿರುವುದು, ಎಲ್ಲವನ್ನೂ ಹೇಗೋ ತೊದಲಿ ಹೇಳಿದ. ನೀನು ಈಗ ಹೇಳಿದ್ದನ್ನು ಬರೆಯಲೇ ಎಂದು ಕೇಳಿದ. ಇಷ್ಟು ವರ್ಷ ಬರೆದು ಬಾಳಿದವನು ಒಬ್ಬರನ್ನು ಹಾಗೆ ಕೇಳಿದ್ದು ಅದೇ ಮೊದಲು.

ಪಟಾಲಮ್ಮ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಕಾಳು ಹಿತುಕತೊಡಗಿದಳು.

"ಬರಿ. ನಾನು ಏಳಿದ್ದು ಏಳಿದಂಗೇ ಬರಿ. ಆದ್ರೆ ಅವ್ರಿಗೆ ಕೊಡಕ್ ಮುಂಚೆ ಇಲ್ಲಿಗ್ ತಂದ್ಕೊಡು. ನೀನು ಓದಿ ಏಳೋದ್ ಬ್ಯಾಡ. ನಾನೇ ಓದ್ಕತೀನಿ."